ಬೆಕ್ಕಿನ ಮನೆಯ ಕೋಳಿ

ಕಾಯ್ ಬೆ
೧೪ ಮಾರ್ಚ್ ೧೯೯೭

ಚಿಕ್ಕಪ್ಪನವರಿಗೆ,

ಕ್ಷೇಮಸಮಾಚಾರ ಆಮೇಲೆ. ಮೊದಲು ಬೈಯುವುದು ಬಹಳ ಇದೆ. ಯಾರನ್ನು ಬೈಯಬೇಕೆಂದು ತಿಳಿಯದೆ ನಿಮಗೇ ಬರೆಯುತ್ತಿದ್ದೇನೆ.

ಮೊನ್ನೆ ಸೈಗಾನಿನಲ್ಲಿ ನನ್ನ ವೀಸಾ ಸಂದರ್ಶನ ಮುಗಿಯಿತು. ಎರಡು ವರ್ಷದ ಹಿಂದೆ ನೀವೂ ತಮ್ಮನೂ ವಿಮಾನ ಹತ್ತಿದಾಗ, ಇಪ್ಪತ್ತೊಂದು ದಾಟಿದ್ದಾಳೆ ಎಂದು ನನ್ನೊಬ್ಬಳನ್ನು ಇಲ್ಲೇ ಬಿಟ್ಟರಲ್ಲ, ಈಗ ಅಮೆರಿಕದಲ್ಲಿ ಕಾಯ್ದೆ ತಿದ್ದಿದ್ದಾರೆ, ಯುದ್ಧ ಸೋತು ಶಿಬಿರದಲ್ಲಿ ಸೆರೆ ಕೂತವರ ದೊಡ್ಡ ಮಕ್ಕಳಿಗೂ ಬಾಗಿಲು ತೆರೆದಿದೆ, ಮದುವೆಯೊಂದು ಆಗಿರಬಾರದು ಅಷ್ಟೇ ಎಂದು ನೀವೇ ಬರೆದಿದ್ದಿರಿ. ಬಾಗಿಲು ತೆರೆದಿತ್ತು, ಸುಳ್ಳಲ್ಲ. ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ನಾನು ನಿಮ್ಮ ಮಗಳೇ ಆಗಿರಲಿಲ್ಲ.

ಮಗಳು ಅನ್ನುವುದಕ್ಕೆ ಏನೇನು ಪುರಾವೆ ಇದೆಯೋ ಎಲ್ಲ ತನ್ನಿ ಅಂದಿದ್ದರು. ನನ್ನ ಜನನ ಪತ್ರ ಯುದ್ಧದಲ್ಲಿ ಸುಟ್ಟುಹೋಯಿತು, ಆಮೇಲೆ ಮಾಡಿಸಿದ್ದನ್ನು ಅವರು ನಂಬುವುದಿಲ್ಲ. ಅದಕ್ಕೇ ನೀವು ಶಿಬಿರದಲ್ಲಿದ್ದಾಗ ನಾನು ಬರೆದ ಕಾಗದಗಳನ್ನೆಲ್ಲ ಒಯ್ದೆ. ಅಂಗಿಯ ಮಡಿಕೆಯಲ್ಲಿ ಹೊಲಿದುಕೊಂಡು ನೀವು ಮನೆಗೆ ತಂದಿದ್ದಿರಲ್ಲ, ಅವೇ. ದುಭಾಷಿ ಹೆಂಗಸು ಒಂದೊಂದರದೂ ಮೊದಲ ಸಾಲು ಮಾತ್ರ ಓದಿದಳು.

"ಎಲ್ಲದರಲ್ಲೂ 'ಚೂ' ಅಂತ ಬರ್ದಿದೀಯಲ್ಲ. ಚೂ ಅಂದ್ರೆ ಚಿಕ್ಕಪ್ಪ. ಇವರು ನಿನ್ನ ಚಿಕ್ಕಪ್ಪನಾ?"

"ಅಲ್ಲ, ಅಪ್ಪ."

"ಅಪ್ಪ ಆದ್ರೆ 'ಬಾ' ಅಂತ ಕರೀಬೇಕಲ್ವಾ? ಚೂ ಯಾಕೆ ಅಂತೀಯ ಅಂತ ಸಾಹೇಬರು ಕೇಳ್ತಿದಾರೆ."

"ನಾನು ಕೋಳಿ ವರ್ಷದಲ್ಲಿ ಹುಟ್ಟಿದೋಳು, ಅವರು ಬೆಕ್ಕಿನ ವರ್ಷ. ಆಗಿಬರಲ್ಲ. ನಾನು 'ಬಾ' ಅಂದ್ರೆ ಅವರ ಪ್ರಾಣಕ್ಕೇ ಕುತ್ತು ಅಂತ ಜೋಯಿಸ ಹೇಳಿದ್ನಂತೆ. ಇವರು ನನ್ನ ಅಪ್ಪ ಅಲ್ಲ ಅಂತ ದೆವ್ವಗಳು ಅಂದ್ಕೊಳ್ಳಲಿ ಅಂತ ಚಿಕ್ಕಪ್ಪ ಅನ್ನಿಸಿದ್ರು."

ನಾನು ಇಷ್ಟು ಉದ್ದ ಹೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಎರಡೋ ಮೂರೋ ಪದ. ಹೇಳಿ ನಕ್ಕಳು. ಅವನು ನಗಲೂ ಇಲ್ಲ. ಚೀಟಿಯಲ್ಲಿ ಬರೆದು ಕೊಟ್ಟಿದ್ದಾನೆ: ಅಣ್ಣನ ಮಗಳು, ಅರ್ಹಳಲ್ಲ. ಇಲ್ಲದ ಒಬ್ಬ ಅಣ್ಣನನ್ನೂ ನಿಮಗೆ ದಯಪಾಲಿಸಿದ್ದಾನೆ.

ದೆವ್ವಕ್ಕೆ ಹೇಳಿದ ಸುಳ್ಳನ್ನು ದೆವ್ವ ನಂಬಿತೋ ಇಲ್ಲವೋ, ಅಧಿಕಾರಿ ನಂಬಿದ. ಯಾರು ಹೇಳಿದ್ದರು ನಿಮಗೆ ಆ ಜೋಯಿಸನ ಹತ್ತಿರ ಹೋಗಿ ಅಂತ? ನನ್ನ ಮೈ ಉರಿಯುತ್ತಿದೆ. ಬೆಳಿಗ್ಗೆಯಿಂದ ಹೊಯ್ದ ಅಕ್ಕಿ ಹಪ್ಪಳವೆಲ್ಲ ಹರಿದು ಹಂದಿಯ ಪಾಲಾಯಿತು.

ಮಗಳೋ ಇನ್ನೇನೋ ಆದ,
ಲಾಯ್


ಹ್ಯೂಸ್ಟನ್
೬ ಏಪ್ರಿಲ್ ೧೯೯೭

ಲಾಯ್,

ನಿನ್ನ ಕಾಗದವನ್ನು ಅಂಗಡಿಯಲ್ಲೇ ಒಡೆದು ಓದಿದೆ. ಓದುತ್ತಾ ಒಂದು ಬುಟ್ಟಿ ಪಪ್ಪಾಯಿ ಕೆಳಗೆ ಬೀಳಿಸಿದೆ. ಮಾಲೀಕ ಬೈದ, ನಾನೂ ಬೈದೆ. ಕ್ಯಾಪ್ಟನ್ ಆಗಿದ್ದಾಗ ಒಂದು ತುಕಡಿಯೇ ನನ್ನ ಮಾತು ಕೇಳುತ್ತಿತ್ತು, ಈಗ ಪಪ್ಪಾಯಿ ಕೂಡ ಕೇಳುವುದಿಲ್ಲ.

ಜೋಯಿಸನ ವಿಷಯಕ್ಕೆ ನನ್ನ ಮೇಲೆ ಹಾಯಬೇಡ. ಹೋದವಳು ನಿನ್ನ ಅಜ್ಜಿ. ನೀನು ಹುಟ್ಟಿದಾಗ ನಾನು ಗಡಿಯಲ್ಲಿದ್ದೆ. ರಜೆಗೆ ಬಂದಾಗ ತೊದಲುತ್ತಾ ಚಿಕ್ಕಪ್ಪ ಅಂದೆ. ನಿನ್ನಮ್ಮ ಬಾಗಿಲ ಮರೆಯಲ್ಲಿ ಅಳುತ್ತಿದ್ದಳು. ಇಷ್ಟವೋ ಕಷ್ಟವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಈಗ ಮಾಡಬೇಕಾದ್ದು ಕೇಳು. ಇಲ್ಲಿ ಒಬ್ಬ ವಕೀಲನನ್ನು ಹಿಡಿದಿದ್ದೇನೆ, ಎರಡನೇ ಸಂದರ್ಶನ ಕೊಡಿಸುತ್ತಾನೆ. ಈ ಸಲ ತೆಪ್ಪಗೆ 'ಬಾ' ಅನ್ನು. ಕೋಳಿ ಬೆಕ್ಕಿನ ಕಥೆ ಹೊಡೆಯಬೇಡ. ಹಳೆಯ ಕಾಗದಗಳ ತಲೆಯಲ್ಲಿರುವ 'ಚೂ' ತೆಗೆದು 'ಬಾ' ಎಂದು ಬರೆ. ಒಂದು ಅಕ್ಷರದ ಕೆಲಸ.

ಇನ್ನೊಂದು. ಆ ದೋಣಿ ಎಂಜಿನ್ ರಿಪೇರಿಯ ಲುಕ್ ನಮ್ಮ ಮನೆಯಲ್ಲೇ ಊಟ ಮಾಡುತ್ತಾನೆ ಎಂದು ಕಿವಿಗೆ ಬಿದ್ದಿದೆ. ಒಳ್ಳೆಯವನೇ ಇರಲಿ, ದೂರ ಇಡು. ಮದುವೆಯಾಗಿದೆ ಎಂದು ಯಾರಾದರೂ ಒಂದು ಮೂಗರ್ಜಿ ಹಾಕಿದರೆ ಎಲ್ಲ ಮಣ್ಣುಪಾಲು.

ನಾನೇ ಬಂದು ಆ ಅಧಿಕಾರಿಯ ಮುಂದೆ ನಿಲ್ಲಬಹುದಿತ್ತು. ನನ್ನನ್ನು ಸೆರೆ ಹಾಕಿದವರ ಆಳ್ವಿಕೆ ಇರುವವರೆಗೆ ಆ ಮಣ್ಣಿಗೆ ಕಾಲಿಡುವುದಿಲ್ಲ ಎಂದು ವಿಮಾನದ ಮೆಟ್ಟಿಲ ಮೇಲೆ ನಿಂತು ಆಣೆ ಹಾಕಿದ್ದೇನೆ, ನಿನಗೇ ಗೊತ್ತು. ಇದನ್ನು ಅಂಚೆಯಲ್ಲಿ ಒಡೆದು ಓದುವವನಿಗೂ ಗೊತ್ತಾಗಲಿ.

ಚಿಕ್ಕಪ್ಪ


ಕಾಯ್ ಬೆ
೨ ಮೇ ೧೯೯೭

ಚಿಕ್ಕಪ್ಪನವರಿಗೆ,

ಕಾಗದ ತಿದ್ದುವುದಿಲ್ಲ. ಇದನ್ನು ಇನ್ನೊಮ್ಮೆ ಹೇಳಿಸಬೇಡಿ.

ಅವುಗಳಲ್ಲಿ ಒಂದರಲ್ಲಿ ಅಮ್ಮ ಸತ್ತ ಸುದ್ದಿ ಇದೆ, ನೆನಪಿದೆಯೇ? "ಚಿಕ್ಕಪ್ಪ, ಅಮ್ಮ ಮಂಗಳವಾರ ಹೋದಳು, ತಮ್ಮ ಈಗ ನನ್ನ ಹತ್ತಿರ ಮಲಗುತ್ತಾನೆ, ನೀವು ಊಟ ಬಿಡಬೇಡಿ" ಎಂದು ಹತ್ತು ವರ್ಷದ ಹುಡುಗಿ ಬರೆದದ್ದು. ಅದರ ಮೇಲೆ ಬ್ಲೇಡ್ ಹಾಕಿ ಕೆರೆ ಅನ್ನುತ್ತೀರಲ್ಲ, ಕೈಯಾದರೂ ಹೇಗೆ ಬಂದೀತು? ಆ ಹುಡುಗಿ ಸುಳ್ಳು ಬರೆದಿಲ್ಲ. ಅವಳನ್ನು ತಿದ್ದಲು ನೀವು ಯಾರು, ನಾನು ಯಾರು?

'ಬಾ' ಅನ್ನು ಅನ್ನುವುದೂ ನಿಮಗೆ ಸುಲಭ. ನನಗೆ ನಾಲ್ಕು ವರ್ಷವಿದ್ದಾಗ ಒಮ್ಮೆ ಬಾಯಿ ತಪ್ಪಿ ಅಂದಿದ್ದೆ. ಅಜ್ಜಿ ಬಾಯಿಯ ಮೇಲೆ ಹೊಡೆದು, ಬೂದಿ ಹಾಕಿ ಉಗುಳಿಸಿದಳು. ಅದೇ ವಾರ ನಿಮ್ಮ ತೊಡೆಗೆ ಗುಂಡಿನ ಚೂರು ಹೊಕ್ಕ ತಂತಿ ಬಂತು. "ನೋಡ್ದ್ಯಾ ನಿನ್ನ ನಾಲಿಗೆ ಮಾಡಿದ ಕೆಲಸಾನ?" ಅಂದಳು. ನಿಮಗೆ ಇದು ಗೊತ್ತಿಲ್ಲ, ಯಾರೂ ಹೇಳಿಲ್ಲ. ಜೋಯಿಸನ ಮೇಲೆ ನನಗೆ ನಂಬಿಕೆ ಇಲ್ಲ ಚಿಕ್ಕಪ್ಪ. ಭಯ ಇದೆ. ಭಯಕ್ಕೆ ನಂಬಿಕೆ ಬೇಕಿಲ್ಲ.

ಲುಕ್ ವಿಷಯ. ಅವನು ನಮ್ಮ ಮನೆಯಲ್ಲಿ ಊಟ ಮಾಡುವುದಿಲ್ಲ, ನಾನು ಅವನ ಅಮ್ಮನ ಜೊತೆ ಊಟ ಮಾಡುತ್ತೇನೆ. ಮೂಗರ್ಜಿ ಹಾಕುವವರು ಸರಿಯಾಗಿ ಹಾಕಲಿ. ನೀವು ಹೇಳಿದ್ದನ್ನು ಅವನಿಗೆ ಹೇಳಿದೆ. "ಅಭ್ಯಾಸ ಆಗ್ಬೇಕಾದ್ರೆ ದಿನಾ ನನ್ನನ್ನೇ ಬಾ ಅಂತ ಕರಿ, ಸತ್ರೆ ನಾನು ಸಾಯ್ತೀನಿ, ಮುದುಕ ಉಳ್ಕೊಳ್ಳಲಿ" ಅಂದ. ಸೌಟಿನಿಂದ ಹೊಡೆದೆ.

ಲಾಯ್


ಹ್ಯೂಸ್ಟನ್
೧೯ ಜೂನ್ ೧೯೯೭

ಲಾಯ್,

ಆಯಿತು, ಕಾಗದ ತಿದ್ದಬೇಡ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಆದರೆ ಆ ಮಾತನ್ನು ಅನ್ನಲೇಬೇಕು. ನನಗೆ ಐವತ್ತೆಂಟು. ಗುಂಡು ತಿಂದಿದ್ದೇನೆ, ಶಿಬಿರದಲ್ಲಿ ಹುಳುಬಿದ್ದ ಗೆಣಸು ತಿಂದಿದ್ದೇನೆ, ಇಲ್ಲಿನ ಬ್ರೆಡ್ಡನ್ನೂ ತಿನ್ನುತ್ತಿದ್ದೇನೆ. ಒಂದು ಅಕ್ಷರಕ್ಕೆ ಸಾಯುವವನಾದರೆ ಯಾವತ್ತೋ ಸಾಯುತ್ತಿದ್ದೆ. ಗುಂಡು ಹಾರಿಸಿದವನು ಪೊದೆಯಲ್ಲಿದ್ದ ಕಣೇ, ನಿನ್ನ ಬಾಯಲ್ಲಿರಲಿಲ್ಲ. ನಿನ್ನ ಅಜ್ಜಿ ಬದುಕಿದ್ದಿದ್ದರೆ ಇವತ್ತೇ ಜಗಳ ತೆಗೆಯುತ್ತಿದ್ದೆ.

ನಿನ್ನ ತಮ್ಮನ ಕಥೆ ಕೇಳು. ಅವನೂ ಬೆಕ್ಕಿನ ವರ್ಷದವನು, ಅವನಿಗೆ ಯಾವ ದೋಷವೂ ಇರಲಿಲ್ಲ, ಹಾಯಾಗಿ 'ಬಾ' ಅನ್ನುತ್ತಿದ್ದ. ಈಗ 'ಡ್ಯಾಡ್' ಅನ್ನುತ್ತಾನೆ. ಯಾಕೋ ಅಂದರೆ ನಾಲಿಗೆ ಹೊರಳಿಬಿಟ್ಟಿದೆ ಅನ್ನುತ್ತಾನೆ. ಕರೆಯಬಹುದಾದವನು ಬಿಟ್ಟ, ಕರೆಯಬೇಕಾದವಳು ಹೆದರುತ್ತಾಳೆ. ಭೂಮಿಯ ಮೇಲೆ ಇವತ್ತು ನನ್ನನ್ನು ಹಾಗೆ ಕರೆಯುವವರು ಒಬ್ಬರೂ ಇಲ್ಲ.

ಚಿಕ್ಕಪ್ಪ


ಕಾಯ್ ಬೆ
೨೧ ನವೆಂಬರ್ ೧೯೯೭

ಚಿಕ್ಕಪ್ಪನವರಿಗೆ,

ಅಂದುಬಿಟ್ಟೆ.

ಈ ಸಲ ದುಭಾಷಿ ಬೇರೆಯವನು, ಅಧಿಕಾರಿ ಅವನೇ. ನಿಮ್ಮ ಫೋಟೋ ಮೇಜಿನ ಮೇಲೆ ಇಟ್ಟು, ಇವರು ಯಾರು ಎಂದು ಕೇಳಿಸಿದ. ನೆಲ ನೋಡುತ್ತಾ "ಬಾ" ಅಂದೆ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಅಂದ. ಇನ್ನೊಮ್ಮೆ ಅಂದೆ. ಸಂತೆಯಲ್ಲಿ ಬೆಲೆ ಹೇಳಿದ ಹಾಗೆ ಎರಡು ಸಲ ಅಂದೆ. ಅವನು ಬರೆದುಕೊಂಡ. ನಾನು ಹೊರಗೆ ಬಂದು ಅಂಚೆ ಕಚೇರಿಗೆ ಓಡಿದೆ.

ಫೋನ್ ಯಾಕೆ ಮಾಡಿದೆ ಎಂದು ನೀವು ಆವತ್ತು ಕೇಳಿದಿರಿ, ಸುಮ್ಮನೆ ಅಂದಿದ್ದೆ. ಸುಮ್ಮನೆ ಅಲ್ಲ. ನೀವು ಇದ್ದೀರೋ ಇಲ್ಲವೋ ನೋಡುವುದಕ್ಕೆ.

"ಊಟ ಆಯ್ತಾ ಚಿಕ್ಕಪ್ಪ?"

"ಊಟ ಆಯ್ತಾ ಅಂತ ಕೇಳೋಕೆ ಸಮುದ್ರದ ಆಚೆಯಿಂದ ಫೋನ್ ಮಾಡ್ತಾರೇನೇ? ತಲೆ ನೆಟ್ಟಗಿದೆಯಾ? ಇಡು ಕೆಳಗೆ!"

ಅಷ್ಟು ಜೋರಾಗಿ ಬೈದಿರಲ್ಲ, ಆಗ ಜೀವ ಬಂತು. ಫೋನ್ ಗೂಡಿನೊಳಗೇ ಕೂತು ಅತ್ತೆ. ಹೊರಗೆ ಸಾಲಿನಲ್ಲಿದ್ದವಳು ಬಾಗಿಲು ಬಡಿದು, "ಯಾರಮ್ಮ ಹೋದೋರು?" ಅಂದಳು. "ಯಾರೂ ಹೋಗಿಲ್ಲ, ಅದಕ್ಕೇ ಅಳ್ತಿದೀನಿ" ಅಂದೆ.

ಉತ್ತರ ಕಳಿಸುತ್ತಾರಂತೆ.

ಲಾಯ್


ಹ್ಯೂಸ್ಟನ್
೯ ಡಿಸೆಂಬರ್ ೧೯೯೭

ಲಾಯ್,

ಖುಷಿಪಡಬೇಕು, ನನಗೆ ಸಿಟ್ಟು ಬಂದಿದೆ. ಕಾರಣ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಇಪ್ಪತ್ತೆಂಟು ವರ್ಷ ನಾನು ಆ ಮಾತಿಗೆ ಕಾದೆ. ಶಿಬಿರದಿಂದ ಬಿಟ್ಟ ದಿನ ನೀನು ದೋಣಿಕಟ್ಟೆಗೆ ಓಡಿ ಬಂದಾಗ, ಈಗಾದರೂ ಅನ್ನುತ್ತಾಳೇನೋ ಎಂದು ಕಿವಿ ನೆಟ್ಟಗೆ ಮಾಡಿದ್ದೆ. ಚಿಕ್ಕಪ್ಪ ಅಂದೆ. ಸರಿ ಅಂದುಕೊಂಡೆ. ಈಗ ಯಾವನೋ ಒಬ್ಬ, ಹೆಸರೂ ತಿಳಿಯದವನು, ಪೆನ್ನು ಹಿಡಿದು ಕೂತವನು, ಅವನಿಗೆ ಎರಡು ಸಲ ಕೇಳಿಸಿತು. ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಬೇರೆ ಹೇಳಿಸಿಕೊಂಡ! ನನ್ನ ಪಾಲಿಗೆ ಬಂದದ್ದು ಊಟ ಆಯ್ತಾ ಚಿಕ್ಕಪ್ಪ.

ಆವತ್ತು ಊಟ ಆಗಿರಲಿಲ್ಲ. ನೀನು ಕೇಳಿದ ಮೇಲೆ ಮಾಡಿದೆ.

ಚಿಕ್ಕಪ್ಪ


ಕಾಯ್ ಬೆ
೩ ಮಾರ್ಚ್ ೧೯೯೮

ಚಿಕ್ಕಪ್ಪನವರಿಗೆ,

ಉತ್ತರ ಬಂತು. ಮೊದಲ ಸಲ ಚಿಕ್ಕಪ್ಪ ಅಂದಿದ್ದಾಳೆ, ಎರಡನೇ ಸಲ ಅಪ್ಪ ಅಂದಿದ್ದಾಳೆ, ಒಂದಕ್ಕೊಂದು ತಾಳೆಯಾಗುವುದಿಲ್ಲ, ಯಾರೋ ಹೇಳಿಕೊಟ್ಟ ಮಾತು, ಆದ್ದರಿಂದ ಅರ್ಹಳಲ್ಲ.

ಥೂ ಅವರ ಮುಖಕ್ಕೆ! ನಿಜ ಹೇಳಿದರೆ ಅಣ್ಣನ ಮಗಳು, ಅವರು ಕೇಳಿದ್ದನ್ನು ಹೇಳಿದರೆ ಕಳ್ಳಿ. ನಿಮ್ಮ ಜೀವವನ್ನು ಪಣಕ್ಕಿಟ್ಟು ಆಡಿದ ಮಾತು, ಅದಕ್ಕೆ 'ಹೇಳಿಕೊಟ್ಟ ಮಾತು' ಎಂದು ಮೊಹರು ಒತ್ತಿದ್ದಾರೆ. ಇಲ್ಲಿಯ ಸರ್ಕಾರಕ್ಕೆ ಮಾತ್ರ ನಾನು ನಿಮ್ಮ ಮಗಳು ಎಂದು ಯಾವತ್ತೂ ಅನುಮಾನ ಬರಲಿಲ್ಲ ನೋಡಿ! ಕ್ಯಾಪ್ಟನ್ ಮಗಳು ಎಂದು ಶಾಲೆಯಿಂದ ಓಡಿಸುವಾಗ ಯಾವ ಪುರಾವೆಯನ್ನೂ ಕೇಳಲಿಲ್ಲ. ಶಿಕ್ಷೆಗೆ ಮಗಳು, ವಿಮಾನಕ್ಕೆ ಅಲ್ಲ.

ಮುಗಿಯಿತು ಚಿಕ್ಕಪ್ಪ. ನಾನು ಲುಕ್‌ನನ್ನು ಮದುವೆಯಾಗುತ್ತೇನೆ. ಎಂಟು ವರ್ಷದಿಂದ ಅವನು ಎಂಜಿನ್ ಎಣ್ಣೆಯ ಕೈ ಒರೆಸಿಕೊಂಡು ನಮ್ಮ ಅಂಗಳದ ಬೇಲಿಯ ಆಚೆ ನಿಂತು ಮಾತಾಡಿಸಿ ಹೋಗುತ್ತಿದ್ದಾನೆ. ಒಳಗೆ ಕರೆದರೆ ನಾನು ಅರ್ಹಳಲ್ಲದವಳಾಗುತ್ತೇನೆ ಎಂದು. ಮದುವೆಯಾಗದಿದ್ದರೆ ಮಾತ್ರ ಮಗಳು, ಮದುವೆಯಾದರೆ ಯಾರ ಮಗಳೂ ಅಲ್ಲ, ಇದು ಯಾವ ಲೋಕದ ನ್ಯಾಯ? ನಿಮ್ಮ ಮಗಳಾಗಲು ಇನ್ನೆಷ್ಟು ವರ್ಷ ಯಾರ ಹೆಂಡತಿಯೂ ಆಗದೆ ಇರಲಿ?

ಲಾಯ್


ಹ್ಯೂಸ್ಟನ್
೨೪ ಮಾರ್ಚ್ ೧೯೯೮

ಲಾಯ್,

ಮದುವೆಗಿದುವೆ ಅಂದರೆ ನನ್ನ ಹತ್ತಿರ ಮಾತೇ ಇಲ್ಲ. ಮೇಲ್ಮನವಿ ಹಾಕಿದ್ದೇನೆ. ಇಷ್ಟು ದಿನ ಕಾದವಳಿಗೆ ಇನ್ನು ಕೆಲವು ತಿಂಗಳು ಕಾಯಲು ಏನು ಧಾಡಿ? ಎಂಜಿನ್ ರಿಪೇರಿಯವನು ಎಲ್ಲಿಗೂ ಓಡಿಹೋಗುವುದಿಲ್ಲ, ಓಡಿಹೋದರೆ ಒಳ್ಳೆಯದೇ ಆಯಿತು.

ಇಲ್ಲಿ ನಿನಗಾಗಿ ಒಂದು ಕೋಣೆ ಎರಡು ವರ್ಷದಿಂದ ಖಾಲಿ ಇದೆ. ಬಾಡಿಗೆಗೆ ಕೊಡು ಎಂದು ನಿನ್ನ ತಮ್ಮ ಹೇಳುತ್ತಾನೆ. ಅವನ ಜೊತೆಗೂ ಮಾತು ಬಿಟ್ಟಿದ್ದೇನೆ.

ತಾ ವಾನ್ ಬಿನ್


ಹ್ಯೂಸ್ಟನ್
೧೧ ಜುಲೈ ೧೯೯೮

ಲಾಯ್,

ನೀನು ಬರೆಯುತ್ತಿಲ್ಲ. ಬೇಡ, ಬಿಡು. ನಾನು ಬರೆಯುತ್ತೇನೆ.

ಹೋದ ಭಾನುವಾರ ಪಗೋಡದಲ್ಲಿ ನಿನ್ನ ವಿಷಯ ಹೇಳುತ್ತಿದ್ದೆ, ಹೇಳುತ್ತಾ ಹೇಳುತ್ತಾ ದನಿ ಏರಿತು. ಮೂಲೆಯಲ್ಲಿ ನೂಡಲ್ಸ್ ತಿನ್ನುತ್ತಿದ್ದ ಮುದುಕನೊಬ್ಬ, "ಅದರಲ್ಲೇನಿದೆ, ನನ್ನ ಮಗ ನನ್ನನ್ನ ಅಣ್ಣ ಅಂತಾನೆ" ಅಂದ. ಅವನ ಪಕ್ಕದವನು, "ನನಗೆ ಮಾವ ಅಂತಾಳೆ ಮಗಳು. ನಂದು ಹುಲಿ ವರ್ಷ, ಅವಳದು ಹಂದಿ" ಅಂದ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹೆಂಗಸು, "ನನ್ನನ್ನ ಅಕ್ಕ ಅಂತಾರೆ, ಹೆತ್ತಿದ್ದು ನಾನೇ" ಅಂದಳು. ಈ ಊರಿನಲ್ಲಿ ಅಪ್ಪ ಅನ್ನಿಸಿಕೊಳ್ಳದ ಅಪ್ಪಂದಿರು ಎಷ್ಟು ಜನ ಇದ್ದಾರೆ ಗೊತ್ತೇನೇ! ಇದು ನಮ್ಮಲ್ಲಿ ಇರುವ ಪದ್ಧತಿ ಎಂದು ಎಲ್ಲರೂ ಬರೆದುಕೊಟ್ಟು ಸಹಿ ಹಾಕಿದ್ದಾರೆ. ಭಿಕ್ಷುಗಳೂ ಹಾಕಿದ್ದಾರೆ. ವಕೀಲ ಅದನ್ನು ಮೇಲಿನವರಿಗೆ ಕಳಿಸಿದ್ದಾನೆ. ಇದನ್ನು ಯಾವ ಬಾಯಿಂದ 'ಹೇಳಿಕೊಟ್ಟದ್ದು' ಅನ್ನುತ್ತಾರೋ ನೋಡೋಣ.

ಕೋಪ ಇದ್ದರೂ ಒಂದು ಸಾಲು ಬರೆ. ಬೈದೇ ಬರೆ.

ಚಿಕ್ಕಪ್ಪ


ಹ್ಯೂಸ್ಟನ್
೧೫ ನವೆಂಬರ್ ೧೯೯೮

ಲಾಯ್,

ಬಂತು. ಹಿಂದಿನ ಎರಡೂ ತೀರ್ಮಾನ ರದ್ದು. ಲಾಯ್, ತಾ ವಾನ್ ಬಿನ್ ಅವರ ಮಗಳು, ಅರ್ಹಳು. ನಿನ್ನ ತಮ್ಮನ ಕೈಲಿ ಮೂರು ಸಲ ಓದಿಸಿದೆ. ನಾಲ್ಕನೆಯ ಸಲ ನಾನು ಕೇಳದೆ ಅವನೇ ಓದಿದ.

ಕೆಳಗೆ ಇನ್ನೊಂದು ಸಾಲು ಇದೆ. ವಿಮಾನ ಹತ್ತುವ ದಿನದವರೆಗೆ ಮದುವೆಯಾಗಿರಬಾರದು.

ನಿನ್ನ ವೀಳ್ಯಶಾಸ್ತ್ರ ಆಗಿದೆ, ಬರುವ ಚಾಂದ್ರಮಾನ ವರ್ಷ ಹುಟ್ಟುವ ಮೊದಲೇ ಮದುವೆ ಎಂದು ಊರಿನಿಂದ ಬಂದವರು ಹೇಳಿದರು. ನೀನು ಹೇಳಲಿಲ್ಲ. ಈ ಸುದ್ದಿಯನ್ನು ನಿನ್ನಿಂದ ಮುಚ್ಚಿಟ್ಟುಬಿಡಲೇ ಎಂದು ಒಂದು ದಿನ ಯೋಚಿಸಿದೆ. ಆಗಲಿಲ್ಲ. ಮದುವೆ ನಿಲ್ಲಿಸು ಎಂದು ಬರೆಯಲು ಕೂತೆ, ಅದೂ ಆಗಲಿಲ್ಲ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವ ಈ ಕಾಗದವನ್ನು ಹರಿಯಲೂ ಆರೆ, ಕಟ್ಟು ಹಾಕಿಸಲೂ ಆರೆ. ನೀನೇ ಹೇಳು.

ಚಿಕ್ಕಪ್ಪ


ಕಾಯ್ ಬೆ
೪ ಡಿಸೆಂಬರ್ ೧೯೯೮

ನಿಮ್ಮ ಕಾಗದ ಬಂದಾಗ ಹಪ್ಪಳದ ಹಿಟ್ಟು ಹೊಯ್ಯುತ್ತಿದ್ದೆ. ಓದಿ, ಲುಕ್‌ನ ಕೈಗೆ ಕೊಟ್ಟೆ. ಅವನು ಓದಿ ಮಡಚಿ, "ಹೋಗ್ತೀಯಾದ್ರೆ ಹೋಗು, ನಾನು ಬೈಯಲ್ಲ" ಅಂದ. ಆಮೇಲೆ ಬೇಲಿಯ ಆಚೆ ಹೋಗಿ ನಿಂತುಕೊಂಡ. ಅಭ್ಯಾಸ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಕೈಹಿಡಿದು ಒಳಗೆ ಎಳೆದುಕೊಂಡು ಬಂದು ಅಮ್ಮನ ಫೋಟೋದ ಮುಂದೆ ಕೂರಿಸಿದೆ.

ನಾನು ಹೋಗುವುದಿಲ್ಲ. ಹೋಗಲು ಬಿಡಲಿಲ್ಲ ಎಂದು ಬೈದೆ, ಈಗ ಬಿಟ್ಟಿದ್ದಕ್ಕೂ ಬೈಯುತ್ತೇನೆ. ಅವರು ಮೊಹರು ಒತ್ತಿದ ಮಗಳಾಗುವುದು ನನಗೆ ಬೇಡ. ಆ ಕೋಣೆಯನ್ನು ಬಾಡಿಗೆಗೆ ಕೊಡಿ, ತಮ್ಮನ ಜೊತೆ ಮಾತಾಡಿ.

ಇದರೊಳಗೆ ಲಗ್ನಪತ್ರಿಕೆ ಇದೆ. ಕೆಂಪು ಕಾಗದಕ್ಕೆ ಕೈ ಒದ್ದೆ ತಾಗಿಸಬೇಡಿ, ಬಣ್ಣ ಬಿಡುತ್ತದೆ. ಮುದ್ರಣದ ಅಂಗಡಿಯ ಹುಡುಗಿ, "ತಂದೆ ಹೆಸರು?" ಅಂದಳು. "ತಾ ವಾನ್ ಬಿನ್" ಅಂದೆ. ಬರೆದುಕೊಂಡಳು. ಅಷ್ಟೇ. ತಲೆಯೆತ್ತಿ ನೋಡಲಿಲ್ಲ, ಇನ್ನೊಮ್ಮೆ ಹೇಳಿಸಲಿಲ್ಲ, ಪುರಾವೆ ಕೇಳಲಿಲ್ಲ. ಎರಡನೇ ಸಾಲು ನೋಡಿ: ತಾ ವಾನ್ ಬಿನ್ ಮತ್ತು ಅವರ ಸ್ವರ್ಗಸ್ಥ ಪತ್ನಿಯ ಹಿರಿಯ ಮಗಳು. ನಾನು ಅಲ್ಲೇ ನಿಂತು ಅತ್ತದ್ದಕ್ಕೆ ಅವಳು, "ಅಕ್ಷರ ತಪ್ಪಾಯ್ತಾ ಅಕ್ಕ?" ಅಂದಳು.

ನೀವು ಮೆಟ್ಟಿಲ ಮೇಲೆ ಹಾಕಿದ ಆಣೆ ನೆನಪಿದೆ. ಅಜ್ಜಿ ನನ್ನ ಬಾಯಿಗೆ ಹಾಕಿದ ಆಣೆಯೂ ನೆನಪಿದೆ. ಯಾವನೋ ಕೇಳಿದ ಎಂದು ನಾನು ನನ್ನದನ್ನು ಮುರಿದೆ. ಮಗಳ ಮದುವೆ ಎಂದು ನೀವು ನಿಮ್ಮದನ್ನು ಮುರಿಯಲಾಗುವುದಿಲ್ಲವೇ? ಪೂರ್ವಜರ ಪೀಠದ ಮುಂದೆ ದೀಪ ಹಚ್ಚಲು ಹೆಣ್ಣಿನ ಕಡೆಯ ಹಿರಿಯರು ಬೇಕಂತೆ. ಬಾಡಿಗೆಗೆ ಒಬ್ಬ ಚಿಕ್ಕಪ್ಪನನ್ನು ತರುತ್ತೇನೆಂದು ಲುಕ್ ಅಮ್ಮ ಹೇಳಿದಳು. ಬೇಡ ಅಂದೆ. ನನಗೆ ಚಿಕ್ಕಪ್ಪ ಸಾಕಾಗಿದ್ದಾನೆ.

ಈ ಕಾಗದಕ್ಕೆ ಮೇಲೆ ಸಂಬೋಧನೆ ಹಾಕಿಲ್ಲ, ಗಮನಿಸಿದಿರೇನೋ. ಮೊದಲೇ ಬರೆಯಲು ಧೈರ್ಯ ಸಾಲಲಿಲ್ಲ. ಅದಕ್ಕೇ ಕೆಳಗೆ ಬರೆಯುತ್ತಿದ್ದೇನೆ, ಇಲ್ಲಿ ಯಾರೂ ಬರೆದುಕೊಳ್ಳುತ್ತಿಲ್ಲ, ನಿಮಗೊಬ್ಬರಿಗೇ ಕೇಳಿಸಲಿ.

ಬಾ.

ನಿಮ್ಮ ಮಗಳು
ಲಾಯ್